ಸ್ಲೈಡಿನಲ್ಲಿ ಕಾಣದ ಕುಡಿತ

ಸಿರೋಸಿಸ್ ಎನ್ನುವುದು ಮೂಲದಲ್ಲಿ ಒಂದು ಬಣ್ಣದ ಹೆಸರು. ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ 1819ರಲ್ಲಿ ಪ್ರಕಟಿಸಿದ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಈ ಪದವನ್ನು ಬಳಸಿದ. ಆ ಪುಸ್ತಕ ಇದ್ದದ್ದು ಎದೆಯ ಸದ್ದುಗಳಿಗೆ ಕಿವಿಗೊಡುವುದರ ಬಗ್ಗೆ. ಅಡಿಟಿಪ್ಪಣಿ ಮಾತ್ರ ಕಣ್ಣಿಗೆ ಕಂಡದ್ದರ ಬಗ್ಗೆ. ಸತ್ತವರ ದೇಹವನ್ನು ಕೊಯ್ದಾಗ ಲಿವರ್ ಕುಗ್ಗಿ, ಗಂಟುಗಂಟಾಗಿ, ಹಳದಿ ಎನ್ನಲೂ ಆಗದ ಕಂದು ಎನ್ನಲೂ ಆಗದ ಬಣ್ಣಕ್ಕೆ ತಿರುಗಿತ್ತು. ಗ್ರೀಕಿನಲ್ಲಿ ಅಂಥ ಬಣ್ಣಕ್ಕೆ 'ಕಿರೋಸ್' ಎಂಬ ಮಾತಿದೆ. ನಮ್ಮಲ್ಲಾದರೆ ಬೆಲ್ಲದ ಬಣ್ಣ ಎನ್ನುತ್ತಿದ್ದೆವೇನೋ. ಹೆಸರಿನಲ್ಲಿ ಕಾರಣದ ಸುಳಿವೇ ಇಲ್ಲ, ನೋಟವಷ್ಟೇ ಇದೆ. ಕಾರಣ ಬಂದು ಅಂಟಿಕೊಂಡದ್ದು ಬೇರೆ ಹೆಸರುಗಳಲ್ಲಿ. ಇಂಗ್ಲೆಂಡಿನಲ್ಲಿ ಇದನ್ನು ಜಿನ್ ಕುಡುಕರ ಲಿವರ್ ಎಂದರು. ಪಠ್ಯಪುಸ್ತಕಗಳಲ್ಲಿ 'ಲೆನೆಕ್‌ನ ಸಿರೋಸಿಸ್' ಎಂದರೆ ಕುಡಿತದಿಂದ ಬಂದದ್ದು ಎಂದೇ ಅರ್ಥವಾಯಿತು. ನಮ್ಮ ಊರುಗಳಲ್ಲಿ ಇವತ್ತಿಗೂ 'ಅವನಿಗೆ ಲಿವರ್ ಹೋಗಿದೆಯಂತೆ' ಎಂದರೆ ಸಾಕು, ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ.

ನಾನು ಪಿಎಚ್‌.ಡಿ.ಗೆ ಸೇರಿ ಇದು ನಾಲ್ಕನೇ ವರ್ಷ. ಲಿವರ್ ಹೇಗೆ ನಾರುಗಟ್ಟುತ್ತದೆ ಎನ್ನುವುದನ್ನು ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅಳೆಯುವುದು ನನ್ನ ಕೆಲಸ. ಸೂಜಿ ಹಾಕಿ ತೆಗೆದ, ಶ್ಯಾವಿಗೆ ಎಳೆಯಂಥ ತುಣುಕನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಮೇಲೆ ಅಂಟಿಸಿರುತ್ತಾರೆ. ಇಡೀ ಲಿವರಿನ 50,000ದಲ್ಲಿ ಒಂದು ಪಾಲು ಅದು ಎಂದು ಪುಸ್ತಕಗಳು ಹೇಳುತ್ತವೆ. ನನ್ನ ಕೆಲಸ ಇಂಥದ್ದು ಎಂದು ತಿಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಕುಡುಕರ ಲಿವರ್ ನೋಡಿದ ಕೂಡಲೇ ಗೊತ್ತಾಗಿಬಿಡುತ್ತಾ?" ಹಾಸ್ಟೆಲಿನ ಗೆಳತಿಯರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ, ಮದುವೆ ಮನೆಯಲ್ಲಿ ನೆಂಟರು ಕೇಳಿದ್ದಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಲಾಗದ ಪ್ರಶ್ನೆ ಇದು.

ಬರಿಗಣ್ಣಿನಿಂದ ಶುರು ಮಾಡೋಣ. ಆರೋಗ್ಯವಂತ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಮೇಲ್ಮೈ ನುಣುಪು, ಬಣ್ಣ ಕರಿಗೆಂಪು. ಮಾಂಸದಂಗಡಿಯಲ್ಲಿ ಕುರಿಯ ಲಿವರ್ ನೋಡಿದವರಿಗೆ ಈ ನುಣುಪು ಗೊತ್ತು. ಮತ್ತೆ ಮತ್ತೆ ಏಟು ತಿಂದು ಮಾಯುವ ಲಿವರಿನೊಳಗೆ ಗಾಯದ ಕಲೆಯಂಥ ನಾರು ಹಬ್ಬುತ್ತದೆ. ಉಳಿದ ಜೀವಕೋಶಗಳು ಆ ನಾರಿನ ಬೇಲಿಗಳ ನಡುವೆಯೇ ಗುಂಪುಗುಂಪಾಗಿ ಬೆಳೆಯುತ್ತವೆ. ಈ ಗುಂಪುಗಳೇ ಗಂಟುಗಳು. ಹಳೆಯ ಪುಸ್ತಕಗಳು ಗಂಟಿನ ಗಾತ್ರ ನೋಡಿ ಕಾರಣ ಹೇಳುತ್ತಿದ್ದವು. 3 ಮಿಲಿಮೀಟರಿಗಿಂತ ಚಿಕ್ಕವಾಗಿ, ಸಾಸಿವೆ ಚೆಲ್ಲಿದಂತೆ ಒಂದೇ ಸಮನಾಗಿದ್ದರೆ ಅದು ಕುಡಿತದ್ದು. ಒಂದು ಕಡೆ ಕಡಲೆಯಷ್ಟು, ಇನ್ನೊಂದು ಕಡೆ ಅಡಿಕೆಯಷ್ಟು ಏರುಪೇರಾಗಿದ್ದರೆ ಹೆಪಟೈಟಿಸ್ ವೈರಸ್ಸಿನದು. ಹಸಿರು ಬಣ್ಣಕ್ಕೆ ತಿರುಗಿದ್ದರೆ ಪಿತ್ತರಸ ಹರಿಯುವ ದಾರಿ ಕಟ್ಟಿಕೊಂಡದ್ದು. ತುಕ್ಕಿನ ಬಣ್ಣವಿದ್ದರೆ ಕಬ್ಬಿಣದ ಅಂಶ ಶೇಖರವಾದದ್ದು.

ಈ ಪಟ್ಟಿ ಸುಳ್ಳಲ್ಲ. ಪರೀಕ್ಷೆಯಲ್ಲಿ ಹಾಗೆಯೇ ಬರೆದರೆ ಅಂಕವೂ ಬರುತ್ತದೆ. ಆದರೆ ಮದ್ಯ ಲಿವರಿನ ಜೀವಕೋಶಗಳು ಮತ್ತೆ ಬೆಳೆಯುವುದನ್ನೇ ತಡೆಯುತ್ತದೆ. ಸಾಸಿವೆಯಂಥ ಗಂಟುಗಳಿಗೆ ಅದೂ ಒಂದು ಕಾರಣ. ಕುಡಿಯುವುದನ್ನು ನಿಲ್ಲಿಸಿದರೆ ಆ ತಡೆ ಹೋಗುತ್ತದೆ. ಗಂಟುಗಳು ನಿಧಾನವಾಗಿ ಬೆಳೆಯುತ್ತವೆ, ಸಾಸಿವೆ ಕಡಲೆಯಾಗುತ್ತದೆ. ಅಂದರೆ ಕುಡಿತ ಬಿಟ್ಟು ವರ್ಷಗಳಾದವನ ಲಿವರನ್ನು, ಬರಿಗಣ್ಣಿನಲ್ಲಿ, ಎಂದೂ ಕುಡಿಯದವನ ಲಿವರಿನ ಪಕ್ಕದಲ್ಲಿಟ್ಟು ಇದು ಯಾರದು ಎಂದು ಬೇರ್ಪಡಿಸುವುದು ಕಷ್ಟ. ಹೀಗಾಗಿ ಗಂಟಿನ ಗಾತ್ರವನ್ನು ನಂಬಿ ಕಾರಣ ಹೇಳುವ ಪದ್ಧತಿ ಹಿಂದಕ್ಕೆ ಸರಿಯಿತು. ಮೆಡಿಕಲ್ ಕಾಲೇಜುಗಳ ಮ್ಯೂಸಿಯಮ್ಮಿನಲ್ಲಿ ಜಾಡಿಗಳ ಸಾಲು ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಮುಳುಗಿದ ಲಿವರ್ ತನ್ನ ಬಣ್ಣ ಕಳೆದುಕೊಂಡು ಕೆಸರಿನಂತಾಗಿರುತ್ತದೆ. ಯಾವ ಬಣ್ಣದಿಂದ ರೋಗಕ್ಕೆ ಹೆಸರು ಬಂತೋ ಆ ಬಣ್ಣವೇ ಅಲ್ಲಿರುವುದಿಲ್ಲ. ಎಲ್ಲರೂ ಮೊದಲು ಜಾಡಿಯ ಮೇಲಿನ ಚೀಟಿ ಓದುತ್ತಾರೆ, ಆಮೇಲೆ ಒಳಗಿರುವುದನ್ನು ನೋಡುತ್ತಾರೆ.

ಸೂಕ್ಷ್ಮದರ್ಶಕದಡಿ ಇನ್ನಷ್ಟು ಕಾಣುತ್ತದೆ. ನಾರನ್ನು ನೀಲಿಯಾಗಿಸುವ ಒಂದು ಬಣ್ಣವಿದೆ. ಅದನ್ನು ಹಾಕಿದಾಗ ಗುಲಾಬಿ ಕೆಂಪಿನ ನಡುವೆ ನೀಲಿ ಎಳೆಗಳು ಹರಡಿಕೊಂಡಿರುವುದು ನೋಡಲು ಚೆಂದ. ಯಾರದೋ ಆಯುಸ್ಸನ್ನು ನೋಡುತ್ತಿದ್ದೇವೆ ಎನ್ನುವುದು ಕ್ಷಣ ಮರೆತುಹೋಗುತ್ತದೆ. ವೈರಸ್ಸಿನ ರೋಗದಲ್ಲಿ ನಾರು ಸಾಮಾನ್ಯವಾಗಿ ಲಿವರಿಗೆ ರಕ್ತ ತರುವ ನಾಳಗಳ ಸುತ್ತ ಶುರುವಾಗುತ್ತದೆ. ಕುಡಿತದ ರೋಗದಲ್ಲಿ ರಕ್ತ ಹೊರಡುವ ಚಿಕ್ಕ ಅಭಿಧಮನಿಯ ಸುತ್ತ ಶುರುವಾಗಿ, ಒಂದೊಂದೇ ಜೀವಕೋಶವನ್ನು ಕೋಳಿ ಗೂಡಿನ ತಂತಿ ಬಲೆಯಂತೆ ಸುತ್ತುತ್ತದೆ. ಇಷ್ಟರಲ್ಲಿ ಕುಡಿತ ಯಾವುದು, ವೈರಸ್ ಯಾವುದು ಎಂದು ಬಹಳ ಸಲ ಹೇಳಬಹುದು. ತೊಡಕು ಶುರುವಾಗುವುದು ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರಿನಿಂದ. ಅದರಲ್ಲೂ ನಾರು ಅಲ್ಲೇ ಶುರುವಾಗುತ್ತದೆ, ಅದೇ ತಂತಿ ಬಲೆ ಹೆಣೆಯುತ್ತದೆ. ಅದೇ ಕೊಬ್ಬಿನ ಬಿಳಿ ಗುಳ್ಳೆಗಳು, ಅದೇ ಊದಿಕೊಂಡ ಜೀವಕೋಶಗಳು.

ವ್ಯತ್ಯಾಸ ಇಲ್ಲವೆಂದಲ್ಲ. ಚಿಕ್ಕ ಅಭಿಧಮನಿಗಳು ನಾರುಗಟ್ಟಿ ಮುಚ್ಚಿಹೋಗಿದ್ದರೆ, ಪಿತ್ತರಸ ಅಲ್ಲಲ್ಲೇ ಹೆಪ್ಪುಗಟ್ಟಿ ಹಸಿರುಗಂದು ಚುಕ್ಕೆಗಳಾಗಿದ್ದರೆ, ಬಿಳಿ ರಕ್ತಕಣಗಳು ಹೆಚ್ಚು ಮುತ್ತಿದ್ದರೆ ಕುಡಿತದ ಕಡೆ ವಾಲಬಹುದು. ಕೊಬ್ಬು ಧಾರಾಳವಾಗಿದ್ದು, ಜೀವಕೋಶಗಳ ಕೇಂದ್ರಗಳು ಒಳಗೆ ಟೊಳ್ಳಾದಂತೆ ಕಂಡರೆ ಸಕ್ಕರೆ ಕಾಯಿಲೆಯ ಕಡೆ ವಾಲಬಹುದು. ವಾಲಬಹುದು, ಅಷ್ಟೆ. ರೋಗ ಪೂರ್ತಿ ಬಲಿತು ಸಿರೋಸಿಸ್ ಆಗುವ ಹೊತ್ತಿಗೆ ಎಷ್ಟೋ ಸಲ ಕೊಬ್ಬೂ ಕರಗಿಹೋಗಿರುತ್ತದೆ. ಉಳಿಯುವುದು ನಾರು ಮತ್ತು ಗಂಟು. ಒಲೆಯ ಬೂದಿ ನೋಡಿ ಯಾವ ಮರದ ಸೌದೆ ಎಂದು ಹೇಳಿದ ಹಾಗೆ. ಹಿಂದೆ 'ಕಾರಣ ತಿಳಿಯದ ಸಿರೋಸಿಸ್' ಎಂದು ಬರೆದು ಮುಚ್ಚಿದ ಎಷ್ಟೋ ಕಡತಗಳಲ್ಲಿ ಇದ್ದದ್ದು ಹೀಗೆ ಉರಿದು ಮುಗಿದ ಕೊಬ್ಬಿನ ಲಿವರೇ ಎಂದು ಈಗ ವೈದ್ಯರು ಹೇಳುತ್ತಾರೆ. ನನಗೆ ಸ್ಲೈಡ್ ಓದಲು ಕಲಿಸಿದ ಪೆಥಾಲಜಿ ಮೇಡಂ ಒಮ್ಮೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಹೇಳಿದರು: "ಏನಾಗಿದೆ ಅಂತ ನಾನು ಹೇಳ್ತೀನಿ. ಯಾಕಾಯ್ತು ಅಂತ ಅವರ ಮನೆಯವರನ್ನ ಕೇಳಬೇಕು."

ಮನೆಯವರನ್ನು ಕೇಳಿದರೆ ಏನಾಗುತ್ತದೆ ಎನ್ನುವುದು ನಮ್ಮ ಮನೆಯಲ್ಲೇ ಎರಡು ಸಲ ಆಗಿದೆ. ತಿಪಟೂರು ಕಡೆಯ ನಮ್ಮ ಊರಿನ ಒಂದೇ ಮನೆಯಲ್ಲಿ, ಮೂರು ವರ್ಷಗಳ ಅಂತರದಲ್ಲಿ, ದೊಡ್ಡಮ್ಮ ಮತ್ತು ಚಿಕ್ಕಪ್ಪ ಇಬ್ಬರೂ ಸಿರೋಸಿಸ್‌ನಿಂದ ತೀರಿಕೊಂಡರು.

ದೊಡ್ಡಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ನೋಡಲು ದಪ್ಪಗೇನೂ ಇರಲಿಲ್ಲ. ಕಾಲು ಊದಿಕೊಂಡು, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾದಾಗ ಊರಿನವರಿಗೆ ಅರ್ಥವೇ ಆಗಲಿಲ್ಲ. ಕುಡಿಯದವರಿಗೆ ಲಿವರ್ ಹೋಗುವುದುಂಟೇ? ಹಾಗಾಗಿ ಯಾರೋ ಮದ್ದು ಹಾಕಿದ್ದಾರೆ ಎಂದಾಯಿತು. ಮದ್ದು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು. ಏನೋ ಕುಡಿಸಿ ವಾಂತಿ ಮಾಡಿಸಿ, ಇಗೋ ಮದ್ದು ಬಿತ್ತು ಎಂದು ತೋರಿಸಿ ಕಳಿಸಿದರು. ಕಾಮಾಲೆಗೆಂದು ನಾಟಿ ಔಷಧಿಯೂ ಆಯಿತು. ಹೀಗೆ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಪೇಟೆಯ ಆಸ್ಪತ್ರೆಗೆ ಸೇರಿಸಿದಾಗ, ವಾರ್ಡಿನಲ್ಲಿ ಫಾರಂ ತುಂಬುತ್ತಿದ್ದವರೊಬ್ಬರು ತಲೆಯೆತ್ತದೆ ದೊಡ್ಡಪ್ಪನನ್ನು ಗಟ್ಟಿಯಾಗಿ ಕೇಳಿದರು: "ಈಯಮ್ಮ ಎಷ್ಟು ವರ್ಷದಿಂದ ಕುಡೀತಾರೆ?" ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ದೊಡ್ಡಪ್ಪ ತಲೆ ತಗ್ಗಿಸಿದ. ಆ ತಲೆ ತಗ್ಗಿಸಿದ್ದನ್ನೇ ಅವರು ಉತ್ತರ ಎಂದುಕೊಂಡರೋ ಏನೋ.

ಅಂದು ರಾತ್ರಿ ದೊಡ್ಡಮ್ಮ ನನ್ನನ್ನು ಕೇಳಿದಳು: "ಕುಡಿಯೋರಿಗೆ ಬರೋ ಕಾಯ್ಲೆ ನನಗ್ಯಾಕೆ ಬಂತು ಮಗಾ?" ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. "ಸಕ್ಕರೆ ಕಾಯ್ಲೆಯಿಂದಲೂ ಬರುತ್ತಂತೆ ದೊಡ್ಡಮ್ಮ, ಡಾಕ್ಟ್ರು ಹೇಳಿದ್ರು" ಎಂದೆ. ಅವಳಿಗೆ ಅದು ಸಮಾಧಾನದ ಮಾತಿನಂತೆ ಕೇಳಿಸಿತು. ಆಮೇಲೆ ಹೊಟ್ಟೆಯ ನೀರು ತೆಗೆಸಲು ಪೇಟೆಗೆ ಹೊರಟಾಗಲೆಲ್ಲ ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದದ್ದು "ಶುಗರ್ ತೋರಿಸ್ಕೊಂಡು ಬರ್ತೀನಿ" ಎಂದು. ನಾಚಿಕೆ ಮುಚ್ಚಿಕೊಳ್ಳಲು ಅವಳು ಸುಳ್ಳೆಂದುಕೊಂಡು ಹೇಳುತ್ತಿದ್ದ ಆ ಮಾತೇ ಅವಳ ರೋಗದ ನಿಜವಾದ ಕಾರಣವಾಗಿತ್ತು.

ಚಿಕ್ಕಪ್ಪನ ಕಥೆಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವನು ಕುಡಿಯುತ್ತಿದ್ದ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ತನಕ ಸಾರಾಯಿ ಪ್ಯಾಕೆಟ್ಟು, ಆಮೇಲೆ ಅಗ್ಗದ ವಿಸ್ಕಿ. ಮಗಳ ಮದುವೆಯ ವರ್ಷ ಬಿಟ್ಟ. ನಿಜವಾಗಿಯೂ ಬಿಟ್ಟ, ಹಬ್ಬಕ್ಕೂ ಮುಟ್ಟಲಿಲ್ಲ, ಸಾವಿನ ಮನೆಯಲ್ಲೂ ಮುಟ್ಟಲಿಲ್ಲ. ಬಿಟ್ಟ ಆರನೇ ವರ್ಷ ಹೊಟ್ಟೆ ಉಬ್ಬಿತು. "ಬಿಟ್ಟು ಆರು ವರ್ಷ ಆಯ್ತು ಕಣವ್ವ, ಅದನ್ನ ಯಾರೂ ಬರ್ಕೊಳ್ಳೋದೇ ಇಲ್ಲ" ಎಂದು ಆಸ್ಪತ್ರೆಯಲ್ಲಿ ನನ್ನ ಹತ್ತಿರ ಹೇಳಿದ. ಅವನಿಗೂ ಸಕ್ಕರೆ ಕಾಯಿಲೆ ಇತ್ತು, ಬೊಜ್ಜೂ ಇತ್ತು. ಅವು ಯಾರ ಲೆಕ್ಕಕ್ಕೂ ಬರಲಿಲ್ಲ. ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಅಂಥ ಅವಸರವೂ ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇದೆಯಲ್ಲ, ಅದು ಆ ದಿನಗಳಲ್ಲಿ ನಮ್ಮ ಜಗಲಿಯ ಮೇಲೆ ಬಹಳ ಸಲ ಕೇಳಿಸಿತು. ದೊಡ್ಡಮ್ಮನಿಗೆ ಕಾರಣ ಸಿಗದೆ ತಡವಾಯಿತು. ಚಿಕ್ಕಪ್ಪನಿಗೆ ಕಾರಣ ತೀರಾ ಸುಲಭವಾಗಿ ಸಿಕ್ಕಿದ್ದರಿಂದ ತಡವಾಯಿತು.

ಇಬ್ಬರಿಗೂ ಸೂಜಿ ಹಾಕಿ ತುಣುಕು ತೆಗೆಯಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಹೆಪ್ಪುಗಟ್ಟುವುದು ನಿಧಾನವಾದ ಮೇಲೆ ಸಾಮಾನ್ಯವಾಗಿ ಆ ಅಪಾಯಕ್ಕೆ ಕೈ ಹಾಕುವುದಿಲ್ಲ. ಅಂದರೆ ಅವರ ಲಿವರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಇರುವುದು ಎರಡು ಸ್ಕ್ಯಾನಿಂಗ್ ರಿಪೋರ್ಟುಗಳು. ಸಂಶೋಧನೆಗೆ ಸೇರಿದ ಮೇಲೆ ಒಮ್ಮೆ ಊರಿಗೆ ಹೋದಾಗ ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ಲಿವರ್ ಕುಗ್ಗಿದೆ, ಅಂಚು ಅಂಕುಡೊಂಕಾಗಿದೆ, ಒಳಗೆ ಒರಟಾಗಿದೆ, ಗುಲ್ಮ ದೊಡ್ಡದಾಗಿದೆ, ಹೊಟ್ಟೆಯಲ್ಲಿ ನೀರಿದೆ. ಎರಡರಲ್ಲೂ ಹೆಚ್ಚು ಕಡಿಮೆ ಅವೇ ಸಾಲುಗಳು. ಮೇಲಿನ ಹೆಸರು ಮುಚ್ಚಿದರೆ ಯಾವುದು ಯಾರದೆಂದು ನನಗೆ ಹೇಳಲಾಗುತ್ತಿರಲಿಲ್ಲ.

ಉಬ್ಬಿದ ಹೊಟ್ಟೆಯಲ್ಲಿ ತಪ್ಪನ್ನು ಓದುವ ಅಭ್ಯಾಸ ನಮ್ಮೂರಿನದಷ್ಟೇ ಅಲ್ಲ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲಿ ಹರಿಶ್ಚಂದ್ರ ಮಗನನ್ನು ಕೊಡುತ್ತೇನೆಂದು ವರುಣನಿಗೆ ಮಾತು ಕೊಟ್ಟು ಮುಂದೂಡುತ್ತಾ ಹೋಗುತ್ತಾನೆ. ಕೊನೆಗೆ ಮಗ ಕಾಡಿಗೆ ಓಡಿಹೋದಾಗ ವರುಣ ರಾಜನನ್ನು ಹಿಡಿಯುತ್ತಾನೆ, ಹೊಟ್ಟೆ ಊದಿಕೊಳ್ಳುತ್ತದೆ. ಸತ್ಯಕ್ಕೆ ಹೆಸರಾದ ರಾಜನಿಗೂ ಜಲೋದರ ಬಂದದ್ದು ಮಾತು ತಪ್ಪಿದ್ದಕ್ಕೆ. ನಾವು ವರುಣನನ್ನು ಬಿಟ್ಟೆವು, ಲೆಕ್ಕಾಚಾರವನ್ನು ಬಿಡಲಿಲ್ಲ.

ವಿಜ್ಞಾನಕ್ಕೂ ಈ ಲೆಕ್ಕಾಚಾರದಿಂದ ಹೊರಬರಲು ಸಮಯ ಹಿಡಿಯಿತು. ಬಾಸ್ಟನ್ನಿನ ಪೆಥಾಲಜಿಸ್ಟ್ ಫ್ರಾಂಕ್ ಮ್ಯಾಲರಿ 1911ರಲ್ಲಿ ಕುಡುಕರ ಲಿವರಿನ ಜೀವಕೋಶಗಳೊಳಗೆ ಗುಲಾಬಿ ಬಣ್ಣದ, ಹಗ್ಗ ಮುದ್ದೆಗಟ್ಟಿದಂಥ ಒಂದು ವಸ್ತುವನ್ನು ವಿವರಿಸಿದ. ಅದಕ್ಕೆ 'ಆಲ್ಕೋಹಾಲಿಕ್ ಹಯಾಲಿನ್' ಎಂಬ ಹೆಸರೂ ಬಿತ್ತು. ಕುಡಿತದ ಬೆರಳಚ್ಚು ಸಿಕ್ಕಿತು ಎಂಬ ಭಾವನೆ ಬಹುಕಾಲ ಇತ್ತು. ಆದರೆ ಅದೇ ಗುಲಾಬಿ ಮುದ್ದೆಗಳು ಭಾರತದಲ್ಲಿ, ಇನ್ನೂ ಅಂಬೆಗಾಲಿಡುವ ಮಕ್ಕಳ ಲಿವರಿನಲ್ಲಿ ರಾಶಿರಾಶಿಯಾಗಿ ಕಂಡವು. ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಿಗೇ ಹೆಚ್ಚಾಗಿ ಬಂದು ಕೊಲ್ಲುತ್ತಿದ್ದ ಆ ರೋಗಕ್ಕೆ ಹೆಸರೇ 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್'. ಒಂದು ಮಗು ಹೋದ ಮನೆಯಲ್ಲಿ ಇನ್ನೊಂದೂ ಹೋಗುತ್ತಿದ್ದದ್ದುಂಟು. ಆ ಲಿವರುಗಳಲ್ಲಿ ತಾಮ್ರ ಅತಿಯಾಗಿ ಸೇರಿಕೊಂಡಿತ್ತು. 1980ರ ದಶಕದಲ್ಲಿ ಪುಣೆಯ ವೈದ್ಯರು ಬ್ರಿಟನ್ನಿನ ಸಂಶೋಧಕರ ಜೊತೆ ಸೇರಿ ಇಂಥ ಮಕ್ಕಳು ಏನು ಕುಡಿದಿದ್ದರು ಎಂದು ವಿಚಾರಿಸಿದರು. ಉತ್ತರ ಹಾಲು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿ ಇಟ್ಟ ಹಸುವಿನ, ಎಮ್ಮೆಯ ಹಾಲು. ಪಾತ್ರೆಯ ತಾಮ್ರ ಹಾಲಿನ ಪ್ರೋಟೀನಿಗೆ ಅಂಟಿ ಮಗುವಿನ ಹೊಟ್ಟೆ ಸೇರುತ್ತಿತ್ತು. ಜೊತೆಗೆ ವಂಶದಲ್ಲಿ ಬಂದ ಬಲಹೀನತೆಯೂ ಬೇಕಿತ್ತೇ ಎಂಬ ಚರ್ಚೆ ಇನ್ನೂ ಇದೆ. ಅಡುಗೆಮನೆಗೆ ಸ್ಟೀಲ್ ಮತ್ತು ಅಲ್ಯೂಮಿನಿಯಂ ಬಂದ ಮೇಲೆ ರೋಗ ಹೆಚ್ಚು ಕಡಿಮೆ ಕಾಣೆಯಾಯಿತು. ಆ ಮಕ್ಕಳ ಸ್ಲೈಡುಗಳ ಚಿತ್ರಗಳನ್ನು ನಾನು ಪುಸ್ತಕಗಳಲ್ಲಿ ನೋಡಿದ್ದೇನೆ. ಅವುಗಳಲ್ಲಿ ಕೊಬ್ಬಿನ ಗುಳ್ಳೆಗಳು ಕಾಣಲಿಲ್ಲ, ಆದರೆ ಗುಲಾಬಿ ಮುದ್ದೆ ಇತ್ತು, ತಂತಿ ಬಲೆ ಇತ್ತು, ಚಿಕ್ಕ ಗಂಟುಗಳಿದ್ದವು.

1980ರಲ್ಲೇ ಅಮೆರಿಕದ ಮೇಯೊ ಕ್ಲಿನಿಕ್ಕಿನ ಯೂರ್ಗನ್ ಲುಡ್‌ವಿಗ್ ಮತ್ತು ಸಂಗಡಿಗರು 20 ರೋಗಿಗಳ ಬಗ್ಗೆ ಬರೆದರು. ಅವರ ಲಿವರ್ ಥೇಟ್ ಕುಡುಕರ ಲಿವರ್. ಅವರು ಮಾತ್ರ ಕುಡಿಯುವವರಲ್ಲ. ಹೆಚ್ಚಿನವರಿಗೆ ಬೊಜ್ಜಿತ್ತು, ಹಲವರಿಗೆ ಸಕ್ಕರೆ ಕಾಯಿಲೆ ಇತ್ತು. ಅದುವರೆಗೆ ಹೆಸರೇ ಇಲ್ಲದ ಆ ರೋಗಕ್ಕೆ ಅವರು 'ನಾನ್‌ ಆಲ್ಕೋಹಾಲಿಕ್' ಎಂದು ಶುರುವಾಗುವ ಹೆಸರಿಟ್ಟರು. ಇದನ್ನು ಓದುವಾಗಲೆಲ್ಲ ನನಗೆ ಅದಕ್ಕಿಂತ ಹಿಂದಿನ ರೋಗಿಗಳ ನೆನಪಾಗುತ್ತದೆ. ಹೆಸರು ಹುಟ್ಟುವ ಮೊದಲು ಇಂಥ ಸ್ಲೈಡ್ ಇದ್ದವರು 'ನಾನು ಕುಡಿಯುವುದಿಲ್ಲ' ಎಂದರೆ ಅವರ ಮಾತಿಗೆ ನಿಲ್ಲಲು ಜಾಗವೇ ಇರಲಿಲ್ಲ. ಹೆಸರು ಬಂದ ಮೇಲೂ ಕುಡಿತ ಅದರ ಮೊದಲಿಗೇ ಉಳಿಯಿತು. ರೋಗಿ ಏನು ಮಾಡಲಿಲ್ಲ ಎನ್ನುವುದರಿಂದ ರೋಗದ ಗುರುತು. 2023ರಲ್ಲಿ ಹಲವು ದೇಶಗಳ ಲಿವರ್ ತಜ್ಞರ ಸಂಘಗಳು ಸೇರಿ ಆ ಹೆಸರನ್ನು ಬದಲಿಸಿದವು. ಹಳೆಯ ಹೆಸರಿನಲ್ಲಿದ್ದ ಕುಡಿತದ ಮಾತೂ ಕೊಬ್ಬಿನ ಮಾತೂ ರೋಗಿಗಳಿಗೆ ಅವಮಾನ ತರುತ್ತವೆ ಎನ್ನುವುದು ಕೊಟ್ಟ ಕಾರಣಗಳಲ್ಲೊಂದು. ದೇಹ ಸಕ್ಕರೆ ಮತ್ತು ಕೊಬ್ಬನ್ನು ಬಳಸಿಕೊಳ್ಳುವುದರಲ್ಲಿ ಏರುಪೇರಾಗಿ ಬರುವ ಲಿವರ್ ರೋಗ ಎನ್ನುವುದು ಹೊಸ ಹೆಸರಿನ ಸಾರಾಂಶ. ಆ ಏರುಪೇರೂ ಇದ್ದು ಕುಡಿತವೂ ಇರುವವರಿಗೆ ಪ್ರತ್ಯೇಕ ಗುಂಪನ್ನೂ ಮಾಡಿದರು. ಚಿಕ್ಕಪ್ಪನ ಲಿವರಿನ ಮೇಲೆ ಬಿದ್ದ ಏಟುಗಳು ಆ ಗುಂಪಿನವರ ಏಟುಗಳೇ.

ಇಷ್ಟೆಲ್ಲ ಆದ ಮೇಲೂ ಡಾಕ್ಟರು ಕುಡಿತದ ಬಗ್ಗೆ ಕೇಳಲೇಬೇಕು. ಸಿರೋಸಿಸ್ ಆದ ಮೇಲೂ ಕುಡಿಯುವುದನ್ನು ನಿಲ್ಲಿಸಿದರೆ ಆಯುಸ್ಸು ಹೆಚ್ಚುತ್ತದೆ, ಅದಕ್ಕಾಗಿ ಕೇಳಬೇಕು. ನಾಲ್ಕು ಜನರ ಮುಂದೆ ಗಟ್ಟಿಯಾಗಿ, ಉತ್ತರ ಮೊದಲೇ ಗೊತ್ತಿರುವಂತೆ ಕೇಳಿದರೆ ಆ ಪ್ರಶ್ನೆ ಚಿಕಿತ್ಸೆಯ ಭಾಗವಾಗಿ ಉಳಿಯುವುದಿಲ್ಲ. ಕುಡಿಯದವರು ಕುಗ್ಗಿಹೋಗುತ್ತಾರೆ, ಕುಡಿದವರು ಸುಳ್ಳು ಹೇಳುತ್ತಾರೆ, ಬಿಟ್ಟವರು ಸುಮ್ಮನಾಗುತ್ತಾರೆ. ಮೂರರಲ್ಲಿ ಯಾವುದಾದರೂ ಔಷಧಿ ಕೊಡುವವರಿಗೆ ಬೇಕಾದ ಮಾಹಿತಿ ಸಿಗುವುದಿಲ್ಲ. ದೊಡ್ಡಮ್ಮ ನಿರಪರಾಧಿ ಎಂದು ಸಾಬೀತು ಮಾಡುವುದು ಈ ಬರಹದ ಉದ್ದೇಶ ಎಂದು ಯಾರಾದರೂ ಓದಿಕೊಂಡರೆ ಚಿಕ್ಕಪ್ಪನಿಗೆ ಅನ್ಯಾಯವಾಗುತ್ತದೆ. ಕುಡಿದು ಬಂದ ರೋಗವೂ ರೋಗವೇ. ಹೊಟ್ಟೆಯ ನೀರು ತೆಗೆಯುವ ಸೂಜಿ ಇಬ್ಬರಿಗೂ ಒಂದೇ ಆಗಿತ್ತು.

ನನ್ನ ಸಂಶೋಧನೆಯಲ್ಲಿ ಈಗ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ, ನಾರಿನ ಬಗೆಯನ್ನು ಗುರುತಿಸಲು ಕಲಿಸುವ ಹಂತ ನಡೆಯುತ್ತಿದೆ. ಪ್ರತಿ ಚಿತ್ರದ ಜೊತೆ ಒಂದು ಕೋಷ್ಟಕ ಬರುತ್ತದೆ. ಅದರಲ್ಲಿ 'ಕಾರಣ' ಎಂಬ ಕಲಂ. ಕುಡಿತ, ಕುಡಿತವಲ್ಲದ್ದು, ಎರಡೇ ಆಯ್ಕೆ. ಆ ಕಲಂ ತುಂಬಿದವರು ಸ್ಲೈಡ್ ನೋಡಿ ತುಂಬಿರುವುದಿಲ್ಲ. ಯಾವುದೋ ವಾರ್ಡಿನಲ್ಲಿ ಯಾರೋ ಕೇಳಿ, ಇನ್ಯಾರೋ ತಲೆ ತಗ್ಗಿಸಿ ಹೇಳಿದ ಅಥವಾ ಹೇಳದೆ ಉಳಿದ ಮಾತು ಅಲ್ಲಿಗೆ ಬಂದಿರುತ್ತದೆ. ಕಂಪ್ಯೂಟರ್ ಅದನ್ನು ಚಿತ್ರದಲ್ಲೇ ಇದ್ದ ಸತ್ಯವೆಂದು ಕಲಿಯುತ್ತದೆ. ಆಮೇಲೆ ನಾವು ಅದನ್ನೇ ಕೇಳುತ್ತೇವೆ: ಇದು ಕುಡುಕರ ಲಿವರ್ ಹೌದೋ ಅಲ್ಲವೋ? ಅದು ಸಂಕೋಚವಿಲ್ಲದೆ ಉತ್ತರ ಕೊಡುತ್ತದೆ.

ಕಳೆದ ತಿಂಗಳು ನನ್ನ ಗೈಡ್ ಹತ್ತಿರ ಕೂತು ಆ ಒಂದು ಕಲಂ ಅನ್ನು ಒಡೆದು ಐದು ಮಾಡಿದೆವು. ಎಷ್ಟು ಕುಡಿಯುತ್ತಿದ್ದರು, ಎಷ್ಟು ವರ್ಷ, ಯಾವಾಗ ಬಿಟ್ಟರು, ಸಕ್ಕರೆ ಕಾಯಿಲೆ ಇತ್ತೇ, ಈ ಮಾಹಿತಿ ಕೊಟ್ಟವರು ಯಾರು. ಹಳೆಯ ಕಡತಗಳಿಂದ ಇವನ್ನು ಹುಡುಕಿ ತುಂಬುವುದು ನಿಧಾನದ ಕೆಲಸ, ಹಲವು ಕಡೆ ಖಾಲಿಯೇ ಉಳಿಯುತ್ತದೆ. ಖಾಲಿ ಇರುವಲ್ಲಿ ಖಾಲಿ ಎಂದೇ ಬರೆಯುತ್ತಿದ್ದೇನೆ.